ಬಾಗಿಲಿಗೆ ಒಪ್ಪಿಸಿದ ಹೆಸರು

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಹಲವು ಸಲ ಯೋಚಿಸಿ, ಹಲವು ಸಲ ಸುಮ್ಮನಾಗಿದ್ದೇನೆ. ಸಲವಾಯ್ ನಾನು ಹುಟ್ಟಿದ ಊರಲ್ಲ, ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಬಂದು ಉಳಿದ ಊರು. ಅವರ ಮಾತು ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಕಂಡವರ ಬಾಯಿಂದ ಕೇಳಿದ್ದನ್ನು ಮತ್ತೆ ಮತ್ತೆ ಕೇಳಿ ಗಟ್ಟಿಮಾಡಿಕೊಂಡು ಹೇಳುತ್ತಿದ್ದೇನೆ. ತಪ್ಪೇನಾದರೂ ನುಸುಳಿದ್ದರೆ ಅದು ಇದೆಲ್ಲ ಯಾರಿಗೆ ನಡೆಯಿತೋ ಆ ಗೆಯಾಮಾಳದಲ್ಲ, ನನ್ನದು. ಅವಳು ಮನ್ನಿಸಲಿ. ಬಾಗಿಲೂ ಮನ್ನಿಸಲಿ.

ಸಲವಾಯ್‌ಗೆ ಕಡಲಿನಿಂದ ಬರಲು ಒಂದೇ ದಾರಿ. ಊರಿನ ಮುಂದೆ ಹವಳದ ದಿಬ್ಬ ಗೋಡೆ ಹಾಕಿದ ಹಾಗೆ ಅಡ್ಡ ಮಲಗಿದೆ. ಒಂದು ಕಡೆ ಮಾತ್ರ ಅದು ಬಿರಿದು, ನಡುವೆ ನೀರು ಕಪ್ಪಗೆ, ಆಳವಾಗಿ ನಿಂತಿದೆ. ಅದೇ ಬಾಗಿಲು. ಮದುವೆಯಾಗಿ ಬರುವ ಹೆಣ್ಣಾಗಲಿ, ಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಾಗಲಿ, ಹೊಸಬರು ಯಾರೇ ಬಂದರೂ ದೋಣಿ ಅಲ್ಲಿ ನಿಲ್ಲಬೇಕು. ಬಾಗಿಲ ಮನೆತನದವರೊಬ್ಬರು ಎದ್ದು ನಿಂತು ಅವರನ್ನು ಊರ ಮಾತಿನಲ್ಲಿ ನೀರಿಗೆ ಒಪ್ಪಿಸಬೇಕು. ಇವರು ಇಂಥವರು, ಇಂಥವರ ಹೊಟ್ಟೆಯಲ್ಲಿ ಹುಟ್ಟಿದವರು, ಇನ್ನು ಇಲ್ಲಿಯ ನೀರು ಕುಡಿಯುತ್ತಾರೆ, ಗುರುತಿಟ್ಟುಕೋ ಎಂದು ಹೇಳಬೇಕು. ಪಿಸಿನ್ನಿನಲ್ಲಿ ಹೇಳಿದರೆ ನಡೆಯದು. ಪಿಸಿನ್ ಸಂತೆಯ ಮಾತು, ಶಾಲೆಯ ಮಾತು, ಈಗ ಎಲ್ಲರ ಮನೆಯ ಮಾತೂ ಹೌದು. ಆದರೆ ಬಾಗಿಲಿಗೆ ಅದು ಬರುವುದಿಲ್ಲ.

ಒಪ್ಪಿಸುವ ಕೆಲಸ ಗೆಯಾಮಾಳ ಸೋದರಮಾವ, ಗೆದಿಸಾ ಮಾವನದಾಗಿತ್ತು. ಮಾವನಿಂದ ಅಕ್ಕತಂಗಿಯರ ಗಂಡುಮಕ್ಕಳಿಗೆ ಹೋಗುವ ವಿದ್ಯೆ ಅದು. ಗೆಯಾಮಾಳ ತಮ್ಮ ಬುಯಾಂಗನಿಗೆ ಅವನು ಅದನ್ನು ಕಲಿಸುತ್ತಿದ್ದ. ಹಾಲುಹಲ್ಲು ಬೀಳುವ ಮೊದಲೇ ಬುಯಾಂಗ ಬಾಗಿಲಲ್ಲಿ ಮುಳುಗಿದ. ಹೆಣವೂ ಸಿಗಲಿಲ್ಲ. ಆಮೇಲೆ ಮಾವ ಯಾರಿಗೂ ಕಲಿಸಲಿಲ್ಲ. ಕಲಿಸು ಎಂದು ಯಾರೂ ಒತ್ತಾಯಿಸಲೂ ಇಲ್ಲ.

ಊರ ಮಾತು ಬಲ್ಲವರು ಒಬ್ಬೊಬ್ಬರಾಗಿ ಮಣ್ಣಾದರು. ಎಳೆಯರಿಗೆ ಉಳಿದದ್ದು ಬೈಗುಳ ಮಾತ್ರ. ಅದು ಎಲ್ಲರಿಗೂ ಚೆನ್ನಾಗಿ ಬರುತ್ತಿತ್ತು. ಗೆದಿಸಾ ಮಾವನನ್ನು ಹೂಳಿ ಬಂದ ಸಂಜೆ ಗೆಯಾಮಾ ಒಲೆಯ ಮುಂದೆ ಕೂತಳು. 'ಬೆಂಕಿ ಆರಿಹೋಗಿದೆ' ಎಂದು ಹೇಳಲು ಬಾಯಿ ತೆರೆದಾಗ ಅವಳಿಗೆ ಹೊಳೆಯಿತು, ಆ ಮಾತನ್ನು ಆ ಮಾತಿನಲ್ಲಿ ಕೇಳಿಸಿಕೊಳ್ಳಲು ಈಗ ಭೂಮಿಯ ಮೇಲೆ ಯಾರೂ ಇಲ್ಲ. ಕೋಳಿಗಳಿಗೆ ಹೇಳಿದಳು. ಅಂದಿನಿಂದ ಕೋಳಿಗಳಿಗೇ ಹೇಳತೊಡಗಿದಳು. ಅವಳ ಕೋಳಿಗಳಷ್ಟು ತಿಳಿದ ಕೋಳಿಗಳು ಈ ದಂಡೆಯಲ್ಲೇ ಇಲ್ಲ ಎಂದು ಊರವರು ನಗುತ್ತಿದ್ದರು.

ಆ ಹೊತ್ತಿಗೇ ಅವಳ ಮಗ ಕಿಸಿಂಗನ ಹೆಂಡತಿ ಸಬೀನಾ ಪಟ್ಟಣದಲ್ಲಿ ಗಂಡು ಹೆತ್ತಳು. ಸಬೀನಾ ಬೆಟ್ಟದ ಕಡೆಯ ಹುಡುಗಿ, ಕಡಲೆಂದರೆ ಹೆದರಿಕೆ. ಕೂಸಿಗೆ ತನ್ನ ಅಪ್ಪನ ಹೆಸರು ಕೆರೆಂಗಾ ಎಂದು ಇಟ್ಟಿದ್ದಳು. ಕೂಸು ಊರಿಗೆ ಬರಬೇಕು. ಒಪ್ಪಿಸುವವರು ಯಾರು?

"ನೀನೇ ಒಪ್ಪಿಸು ಅಮ್ಮಾ. ನಿಂಗೆ ಮಾತು ಬರತ್ತಲ್ಲ," ಎಂದ ಕಿಸಿಂಗ.

"ನಂಗೆ ಬರೋದು ಅಡುಗೆಮನೆ ಮಾತು ಕಣೋ. ಮಾವ ಬುಯಾಂಗನಿಗೆ ಹೇಳಿಕೊಡೋವಾಗ ನಾನು ನೀರು ಹೊರ್ತಿದ್ದೆ. ಬಾಗಿಲ ಮುಂದೆ ನಿಂತು ಗೆಡ್ಡೆ ಬೆಂತಾ, ಉಪ್ಪು ಸಾಕಾ ಅಂತ ಕೇಳ್ಲಾ?"

ಕಿಸಿಂಗ ತಲೆ ಕೆರೆದುಕೊಂಡು ತನ್ನ ಫೋನು ತೆಗೆದ. ಅದರಲ್ಲಿ ಮಾವನ ದನಿ ಇತ್ತು. ಹಿಂದೊಮ್ಮೆ ದೂರದಿಂದ ಬಂದ ಹುಡುಗಿಯೊಬ್ಬಳು ಮಳೆಗಾಲ ಪೂರ್ತಿ ಊರಲ್ಲಿದ್ದು ಮುದುಕರ ಮಾತನ್ನೆಲ್ಲ ಯಂತ್ರದಲ್ಲಿ ಹಿಡಿದುಕೊಂಡು ಹೋಗಿದ್ದಳು. ಹೋಗುವಾಗ ಒಂದು ಪ್ರತಿ ಕಿಸಿಂಗನ ಫೋನಿಗೂ ಹಾಕಿಕೊಟ್ಟಿದ್ದಳು. ಒಪ್ಪಿಸುವ ಮಾತು ಹೇಗಿರುತ್ತದೆ ಎಂದು ಅವಳು ಕೇಳಿದಾಗ ಮಾವ ಬಹಳ ಹೊತ್ತು ಹಿಂಜರಿದಿದ್ದ. ಬದುಕಿರುವವರ ಹೆಸರನ್ನು ಸುಮ್ಮನೆ ಆಟಕ್ಕೆ ಒಪ್ಪಿಸುವಂತಿಲ್ಲ. ಕೊನೆಗೆ, ಹೇಗೂ ಹೋದವನಿಗೆ ಇನ್ನೇನಾಗಬೇಕು ಎಂದು ಬುಯಾಂಗನ ಹೆಸರಲ್ಲಿ ಹೇಳಿ ತೋರಿಸಿದ್ದ. ಇದು ಗೆಯಾಮಾಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ.

"ಹೆಸರು ಬರೋ ಜಾಗದಲ್ಲಿ ನಾನು ಜೋರಾಗಿ ಕೆರೆಂಗಾ ಅಂತೀನಿ, ಮಾವನ ದನಿ ಮುಚ್ಚಿಹೋಗತ್ತೆ," ಎಂದಳು. ಮನೆಯಲ್ಲಿ ಮತ್ತೆ ಮತ್ತೆ ಹೇಳಿ ನೋಡಿದಳು. ಪ್ರತಿ ಸಲವೂ ಸರಿಯಾಗಿಯೇ ಕೂತಿತು.

ದೋಣಿಯಲ್ಲಿ ಕಿಸಿಂಗ, ಸಬೀನಾ, ಅವಳ ಮಡಿಲಲ್ಲಿ ಕೂಸು, ಗೆಯಾಮಾ. ಇಗರ್ಜಿಯ ಹಿರಿಯ ಸಕಾರಿಯಾನೂ ಪಟ್ಟಣದಿಂದ ಅದೇ ದೋಣಿಗೆ ಹತ್ತಿದ್ದ. ಅಡಿಕೆ ಜಗಿದು ಜಗಿದು ಅವನ ಬಾಯಿ ಕೆಂಡದಂತಿತ್ತು.

"ಸತ್ತವರ ಹತ್ರ ಫೋನಲ್ಲಿ ಕೆಲಸ ಮಾಡಿಸ್ಕೊಳ್ಳೋ ಕಾಲ ಬಂತು," ಎಂದ ಸಕಾರಿಯಾ. "ನಾನು ಸತ್ತ ಮೇಲೂ ಭಾನುವಾರದ ಪ್ರಾರ್ಥನೆಗೆ ಹೀಗೇ ಒತ್ತಿಬಿಡಿ. ಮಲಗಿದ್ದಲ್ಲೇ ಪುಣ್ಯ ಬರತ್ತೆ."

"ನೀವು ಬದುಕಿದ್ದಾಗ್ಲೂ ಮಲಗೇ ಪ್ರಾರ್ಥನೆ ಮಾಡೋದು, ಭಾವಾ," ಎಂದಳು ಗೆಯಾಮಾ. ಎಲ್ಲರೂ ನಕ್ಕರು. ಸಬೀನಾ ಮಾತ್ರ ನಗಲಿಲ್ಲ. ನೀರಿನ ಬಣ್ಣ ನೋಡುತ್ತಿದ್ದಳು.

ಬಾಗಿಲಲ್ಲಿ ಕಿಸಿಂಗ ಇಂಜಿನ್ ನಿಲ್ಲಿಸಿ ಫೋನು ಒತ್ತಿದ. ಗೆದಿಸಾ ಮಾವ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ತೆರೆದ ನೀರಿನ ಮೇಲೆ ಮಾತಾಡತೊಡಗಿದ. ಸತ್ತು ಮಣ್ಣಾದವನ ದನಿ ಹಗಲು ಬೆಳಕಿನಲ್ಲಿ ಅಷ್ಟು ಹತ್ತಿರ ಕೇಳಿಸಿದಾಗ ಗೆಯಾಮಾಳ ಮೈ ಜುಮ್ಮೆಂದಿತು. ಹೆಸರಿನ ಜಾಗ ಹತ್ತಿರ ಬಂತು. ಅವಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಅಲೆ ಎದ್ದು ದೋಣಿಯನ್ನು ಪಕ್ಕಕ್ಕೆ ತಳ್ಳಿತು. ಸಬೀನಾ ಚೀರಿದಳು. ಗೆಯಾಮಾ ದೋಣಿಯ ಅಂಚು ಹಿಡಿದುಕೊಂಡಳು. ಮಾವ ಸ್ಪಷ್ಟವಾಗಿ ಬುಯಾಂಗ ಎಂದ. "ಕೆರೆಂಗಾ!" ಎಂದು ಅವಳು ಕೂಗಿದ್ದು ಅದಾದ ಮೇಲೆ, ಒಂದು ಉಸಿರು ತಡವಾಗಿ.

ನೀರು ಎಣ್ಣೆ ಹೊಯ್ದಂತೆ ನುಣ್ಣಗಾಯಿತು. ಅಳುತ್ತಿದ್ದ ಕೂಸು ಸುಮ್ಮನಾಯಿತು.

"ಆಯ್ತಲ್ಲ?" ಎಂದ ಕಿಸಿಂಗ.

ಗೆಯಾಮಾ ಕೂಸಿನ ಮುಖ ನೋಡಿದಳು. ಇನ್ನೊಮ್ಮೆ ಹೇಳಿಸೋಣವೇ ಎಂದು ಕೇಳಬೇಕೆಂದಿದ್ದಳು. ಒಂದೇ ಕೂಸನ್ನು ಎರಡು ಸಲ ಒಪ್ಪಿಸಬಹುದೋ ಬಾರದೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಫೋನಿನೊಳಗಿದ್ದ. ಅದಾದ ಸ್ವಲ್ಪ ದಿನಕ್ಕೆ ಆ ಫೋನೂ ಉಪ್ಪುನೀರಿಗೆ ಬಿದ್ದು ಸತ್ತಿತು.

ಕೂಸು ಬೆಳೆಯಿತು. ನಡೆಯಿತು, ಓಡಿತು, ಮಾತು ಮಾತ್ರ ಬರಲಿಲ್ಲ. ಸಬೀನಾ ಪಿಸಿನ್ನಿನಲ್ಲಿ ಆಡಿಸಿದಳು, ತನ್ನ ಬೆಟ್ಟದ ಮಾತಿನಲ್ಲಿ ಜೋಗುಳ ಹಾಡಿದಳು. ಹುಡುಗ ಅವಳ ಬಾಯನ್ನು ನೋಡುತ್ತಿದ್ದ, ಮಳೆಯನ್ನು ನೋಡುವ ಹಾಗೆ. ಕೆರೆಂಗಾ ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ಕಿವುಡು ಇರಬಹುದು ಎಂದರು. ಆದರೆ ತೆಂಗಿನಕಾಯಿ ಬಿದ್ದ ಸದ್ದಿಗೆ ಬೆಚ್ಚುತ್ತಿದ್ದ.

ಒಂದು ಬೆಳಿಗ್ಗೆ ಗೆಯಾಮಾ ಅಂಗಳದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಹುಡುಗ ಬಂದು ಎದುರು ನಿಂತ.

"ಅಕ್ಕಾ," ಎಂದ. "ನೀರು ಇಳೀತಾ?"

ಊರ ಮಾತಿನಲ್ಲಿ ಎಂದ. ಅಜ್ಜಿ ಎನ್ನಲಿಲ್ಲ, ಅಕ್ಕಾ ಎಂದ.

ತುರಿಯುವ ಕೈ ನಿಂತಿತು. ತುದಿಬೆರಳು ಸೀಳಿ ರಕ್ತ ತುರಿಯ ಮೇಲೆ ತೊಟ್ಟಿಕ್ಕಿದ್ದು ಅವಳಿಗೆ ಆಮೇಲೆ ಕಂಡಿತು. ಹೆದರಬೇಕಿತ್ತು. ಹೆದರಿದಳು ಕೂಡ, ಸುಳ್ಳು ಹೇಳಬಾರದು. ಆದರೆ ಅದಕ್ಕಿಂತ ಮೊದಲು ಅವಳ ಬಾಯಿ ತಾನಾಗಿ ಉತ್ತರ ಕೊಟ್ಟಿತ್ತು: "ಇನ್ನೂ ಇಲ್ಲ ಕಣೋ, ಸ್ವಲ್ಪ ತಾಳು." ಎಷ್ಟೋ ಕಾಲದ ಮೇಲೆ ಆ ಮಾತಿಗೆ ಒಬ್ಬರು ತಲೆಯಾಡಿಸಿದರು.

ಕೋಳಿಗಳಿಗೆ ಹೇಳುತ್ತಿದ್ದುದನ್ನು ಕೇಳಿ ಕಲಿತಿರಬೇಕು ಎಂದು ಅವಳು ಸಮಾಧಾನ ಹೇಳಿಕೊಂಡಳು. ಅದು ನಿಜವೂ ಇರಬಹುದು. ಆದರೆ ಕೋಳಿಗಳಿಗೆ ಅವಳು ಹೇಳದ ಮಾತುಗಳೂ ಅವನಿಗೆ ಬರುತ್ತಿದ್ದವು. ಬೆಳಗಿನ ಜಾವ ತೀರದ ಕಡೆಗೆ ತಿರುಗುವ ಗಾಳಿಗೆ ಒಂದು ಹೆಸರಿತ್ತು. ಅವಳೇ ಅದನ್ನು ಮರೆತಿದ್ದಳು. ಅವನು ಹೇಳಿದಾಗ ಅವಳ ಅಮ್ಮನ ಕೈಯ ಹೊಗೆವಾಸನೆ ಮೂಗಿಗೆ ಬಂದಂತಾಯಿತು.

ಅವಳು ಅದನ್ನು ಮುಚ್ಚಿಟ್ಟಳು. ಬಟ್ಟೆ ಒಗೆಯುವ ತೊರೆಗೆ ಅವನೊಬ್ಬನನ್ನೇ ಕರೆದುಕೊಂಡು ಹೋಗತೊಡಗಿದಳು. ಅಲ್ಲಿ ಇಬ್ಬರೂ ಹೊಟ್ಟೆತುಂಬ ಮಾತಾಡುತ್ತಿದ್ದರು. ಸಕಾರಿಯಾನ ನಡಿಗೆಯನ್ನು ಅಣಕಿಸಿ ನಗುತ್ತಿದ್ದರು. ಅವಳ ಬೆನ್ನು ನೆಟ್ಟಗಾಯಿತು, ಹಾಡೂ ಬಂತು. ಊರವರು ಮುದುಕಿಗೆ ಹರೆಯ ಬಂತು ಎಂದರು.

"ಅಕ್ಕಾ, ನನ್ನ ದೋಣಿ ಹುಟ್ಟೆಲ್ಲಿ?" ಎಂದು ಒಂದು ದಿನ ಕೇಳಿದ.

"ಯಾವ ಹುಟ್ಟೋ?"

"ಮೂಲೆ ಒಡೆದದ್ದು. ಮಾವ ಕೆತ್ತಿಕೊಟ್ಟಿದ್ದು."

ಅವಳು ಒಗೆಯುತ್ತಿದ್ದ ಬಟ್ಟೆಯನ್ನು ನೀರಿಗೆ ಬಿಟ್ಟಳು. ಆ ಹುಟ್ಟು ಬುಯಾಂಗನ ಜೊತೆಯೇ ಹೋಗಿತ್ತು.

ಎಷ್ಟು ಮುಚ್ಚಿಟ್ಟರೂ ಒಂದೇ ಸೂರಿನಡಿ ಇಂಥದ್ದು ಎಷ್ಟು ದಿನ ನಿಂತೀತು? ಒಂದು ಮಧ್ಯಾಹ್ನ ಸಬೀನಾ ತೊರೆಗೆ ಬಂದು ಬಂಡೆಯ ಹಿಂದೆ ನಿಂತು ಕೇಳಿಸಿಕೊಂಡಳು. ಮನೆಗೆ ಬಂದವಳು ಕೆಸುವಿನ ಗೆಡ್ಡೆಯ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

"ಅತ್ತೇ, ನನ್ನ ಮಗ ಮೂಗ ಅಂತ ನಾನು ಅಳ್ತಾ ಇದ್ದೆ. ನೀವು ನೋಡ್ತಾ ಇದ್ರಿ."

"ಸಬೀನಾ..."

"ಹೆತ್ತಿದ್ದು ನಾನು. ಅವನು ನನ್ನ ಜೊತೆ ಒಂದು ಮಾತೂ ಆಡಲ್ಲ. ನಿಮ್ಮ ಜೊತೆ ನಗ್ತಾನೆ. ನೀವೇ ಕಲ್ಸಿದ್ದೀರಿ, ನನ್ನಿಂದ ಕಿತ್ಕೊಳ್ಳೋಕೆ."

"ನಾನು ಕಲ್ಸಲಿಲ್ಲ ಕಣೇ."

"ಮತ್ತೆ ಯಾರು? ಕೋಳಿಗಳಾ?"

ಬೆಟ್ಟಕ್ಕೆ, ತನ್ನ ತವರಿಗೆ ಹೋಗುತ್ತೇನೆಂದು ಸಬೀನಾ ಚೀಲ ಕಟ್ಟಿದಳು. ಪಟ್ಟಣದ ದೋಣಿ ಹೊರಡುವುದು ವಾರದ ಕೊನೆಗೆ. ಅಲ್ಲಿಯವರೆಗೆ ಮಗನನ್ನು ಸೊಂಟಕ್ಕೇ ಕಟ್ಟಿಕೊಳ್ಳುತ್ತೇನೆ ಎಂದಳು. ಅದನ್ನು ಬಾಯಿಮಾತಿಗೆ ಅಂದದ್ದು ಎಂದುಕೊಂಡರು. ನಿಜವಾಗಿಯೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡಳು.

ಆದರೂ ಅವನು ತಪ್ಪಿಸಿಕೊಂಡ. ಬೆಳಗಿನ ಇಳಿತದ ಹೊತ್ತು, ಹೆಂಗಸರು ದಿಬ್ಬದ ಮೇಲೆ ಚಿಪ್ಪು ಆರಿಸುತ್ತಿದ್ದರು. ಸಬೀನಾ ಒಲೆ ಊದಲು ಬಾಗಿ, ತಲೆ ಎತ್ತುವಷ್ಟರಲ್ಲಿ ಸೊಂಟದಲ್ಲಿ ಬಟ್ಟೆ ಮಾತ್ರ ಇತ್ತು. ಗಂಟು ಬಿಚ್ಚಿರಲಿಲ್ಲ. ಅದು ಹೇಗೆಂದು ಅವಳಿಗೂ ತಿಳಿಯಲಿಲ್ಲ.

ಗೆಯಾಮಾ ಕೇಳಿದ ಕೂಡಲೇ ಎಲ್ಲಿಗೆ ಓಡಬೇಕೆಂದು ಯೋಚಿಸಲೇ ಇಲ್ಲ. ಹವಳ ಕಾಲು ಕೊಯ್ದರೂ ಓಡಿದಳು. ಹುಡುಗ ಬಾಗಿಲ ಅಂಚಿನಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಇಳಿದ ನೀರು ಮತ್ತೆ ಏರಲು ಶುರುವಾಗಿತ್ತು. ಅವನು ಒಂದು ಕೈಯನ್ನು ಮೇಲೆತ್ತಿದ್ದ, ದೊಡ್ಡವರ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ. ಕೈಯಲ್ಲಿ ಯಾರೂ ಇರಲಿಲ್ಲ.

ಅವಳು ಎಳೆದು ತಬ್ಬಿಕೊಂಡಳು. ಅವನ ಮೈ ತಣ್ಣಗಿತ್ತು, ಉಸಿರು ಸಮವಾಗಿತ್ತು.

"ಬಿಡಕ್ಕಾ," ಎಂದ. "ಮಾವ ಕರೀತಿದಾನೆ. ಪಾಠ ಪೂರ್ತಿ ಆಗಿಲ್ಲ."

ಆ ದಿನ ಗೆಯಾಮಾ ಊಟ ಮಾಡಲಿಲ್ಲ. ಬೆಟ್ಟಕ್ಕೆ ಹೋಗುವ ದೋಣಿಯೂ ಬಾಗಿಲನ್ನು ದಾಟಿಯೇ ಹೋಗಬೇಕು. ಬುಯಾಂಗನೆಂದು ಗುರುತು ಹಿಡಿದ ಆ ನೀರು ಅವನನ್ನು ದಾಟಲು ಬಿಡುವುದೇ? ಇಲ್ಲೇ ಇಟ್ಟುಕೊಂಡರೂ ಬುಯಾಂಗ ಮುಳುಗಿದ ವಯಸ್ಸು ಅವನಿಗೆ ಬರುತ್ತಿತ್ತು. ಮಾಡಬೇಕಾದದ್ದು ಏನೆಂದು ಅವಳಿಗೆ ಹೊಳೆದಿತ್ತು: ಬಾಗಿಲಿಗೆ ಹೋಗಿ ತನ್ನ ಬಾಯಿಂದಲೇ ಹೆಸರು ತಿದ್ದಬೇಕು. ಹೊಳೆದದ್ದು ಇವತ್ತಲ್ಲ, ಮೊದಲ ಸಲ ಅವನು ಅಕ್ಕಾ ಎಂದ ದಿನವೇ. ಇಷ್ಟು ಕಾಲ ತಡೆದದ್ದು ಹೆದರಿಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನನಗೆ ಆ ವಿದ್ಯೆ ಇಲ್ಲ, ನಾನು ಹೆಂಗಸು, ನನ್ನದು ಅಡುಗೆಮನೆ ಮಾತು ಎಂದೆಲ್ಲ. ಹೆದರಿಕೆ ಇದ್ದದ್ದು ಹೌದು. ಆದರೆ ಅವನು ಸುಮ್ಮನಾದರೆ ಮತ್ತೆ ಕೋಳಿಗಳೇ ಗತಿ ಎಂಬುದೂ ಇತ್ತು.

ಸೊಸೆಯ ಹತ್ತಿರ ಹೋಗಿ ಕೂತಳು. ಅಲೆ ಎದ್ದದ್ದು, ತಾನು ತಡವಾಗಿ ಕೂಗಿದ್ದು, ಎಲ್ಲವನ್ನೂ ಹೇಳಿದಳು. ಸಬೀನಾ ನಂಬಿದಳೋ ಇಲ್ಲವೋ. ಕೇಳಿದ್ದು ಇಷ್ಟೇ, "ನೀವು ಹೇಳಿದ್ರೆ ಅದು ಕೇಳತ್ತಾ?"

"ಗೊತ್ತಿಲ್ಲ ಕಣವ್ವ."

"ಹೇಳಿದ ಮೇಲೆ ಅವನು ನನ್ನ ಜೊತೆ ಮಾತಾಡ್ತಾನಾ?"

"ಆಡಬಹುದು. ನನ್ನ ಜೊತೆ ಆಡಲ್ಲ."

ಸಬೀನಾ ಅತ್ತೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಎದ್ದು ಹೋಗಿ, ಬೇಯಿಸಿದ ಗೆಣಸನ್ನು ತೆಂಗಿನ ಹಾಲಿನೊಡನೆ ತಂದು ಅವಳ ಮುಂದೆ ಇಟ್ಟಳು.

ಮರುದಿನ ಹೊತ್ತೇರಿದ ಮೇಲೆ, ನೀರು ಏರದೆ ಇಳಿಯದೆ ನಿಲ್ಲುವ ಗಳಿಗೆ ನೋಡಿ ಮೂವರೂ ಸಣ್ಣ ದೋಣಿಯಲ್ಲಿ ಹೊರಟರು. ಹುಟ್ಟು ಹಾಕಿದವಳು ಗೆಯಾಮಾ. ದಾರಿಯುದ್ದಕ್ಕೂ ಹುಡುಗ ಅವಳೊಡನೆ ಹರಟುತ್ತಿದ್ದ. ಹಾರುಮೀನು, ಆ ಗಾಳಿಯ ಹೆಸರು, ಸಕಾರಿಯಾನ ಹೊಟ್ಟೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಹುಟ್ಟನ್ನು ಬೇಕೆಂದೇ ನಿಧಾನವಾಗಿ ಹಾಕಿದಳು. ಸಬೀನಾಳಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೂ ಅವಸರಪಡಿಸಲಿಲ್ಲ. ಅವಳು ಕಡಲನ್ನು ನೋಡದೆ ಅವರಿಬ್ಬರನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ಗೆಯಾಮಾ ಎದ್ದು ನಿಂತಳು. ಮಾವನ ಮಾತುಗಳಲ್ಲಿ ಒಂದನ್ನೂ ಬಳಸಲಿಲ್ಲ. ಪಕ್ಕದ ಮನೆಯವಳನ್ನು ಬೇಲಿಯಾಚೆಯಿಂದ ಕೂಗಿ ಕರೆಯುವ ದನಿಯಲ್ಲಿ ಶುರುಮಾಡಿದಳು.

"ಏ, ಇಲ್ಲಿ ಕೇಳು. ನಾನು ಗೆಯಾಮಾ. ನಂಗೆ ದೊಡ್ಡ ಮಾತು ಬರಲ್ಲ. ಇವನು ಕೆರೆಂಗಾ. ಈ ಸಬೀನಾ ಹೆತ್ತದ್ದು ಇವನನ್ನ. ಇವನ ತಾತ ಬೆಟ್ಟದೋನು, ಕಡಲು ಕಂಡೋನೇ ಅಲ್ಲ. ಅವತ್ತು ನಾನು ಕೂಗಿದ್ದು ತಡವಾಯ್ತು, ತಪ್ಪು ನಂದು. ಇವನು ಬುಯಾಂಗ ಅಲ್ಲ. ಬುಯಾಂಗ ನಿನ್ನ ಹತ್ರಾನೇ ಇದಾನೆ, ಇದ್ದುಕೊಳ್ಲಿ. ಚೆನ್ನಾಗಿ ನೋಡ್ಕೋ. ಅವನಿಗೆ ಸುಟ್ಟ ಮೀನಿನ ಬಾಲ ಅಂದ್ರೆ ಇಷ್ಟ. ಇವನನ್ನ ಬಿಡು."

ನೀರು ಅಲುಗಲಿಲ್ಲ. ಹಕ್ಕಿಯೂ ಕೂಗಲಿಲ್ಲ. ಹುಡುಗ ಅವಳ ಲಂಗದ ಅಂಚನ್ನು ಹಿಡಿದುಕೊಂಡು ಕೆಳಗಿನಿಂದ ಅವಳ ಮುಖವನ್ನೇ ನೋಡುತ್ತಿದ್ದ.

"ಅಕ್ಕಾ?" ಎಂದ.

ಅವಳು ಉತ್ತರ ಕೊಡಲಿಲ್ಲ. ತುಟಿ ಕಚ್ಚಿಕೊಂಡು ನೀರನ್ನೇ ನೋಡಿದಳು. ಬಹಳ ಬಹಳ ಕಷ್ಟವಾಯಿತು ಎಂದು ಅವಳೇ ಆಮೇಲೆ ನನ್ನ ಹೆಂಡತಿಗೆ ಹೇಳಿದ್ದು.

ಆಗ ದೋಣಿಯ ಅಡಿಯಿಂದಲೋ ದಿಬ್ಬದ ಆಚೆಯಿಂದಲೋ ಒಂದು ಕೆಮ್ಮು ಕೇಳಿಸಿತು. ಅಂದು ಫೋನಿನಲ್ಲಿ ಕೇಳಿದಂಥದ್ದೇ, ಮುದುಕನೊಬ್ಬ ಗಂಟಲು ಸರಿಮಾಡಿಕೊಂಡು, ಸರಿ, ಆಯಿತು ಎನ್ನುವಂಥ ಕೆಮ್ಮು.

ಸಬೀನಾ ಬೆಚ್ಚಿ ಸುತ್ತ ನೋಡಿದಳು. "ಅತ್ತೇ, ಯಾರು ಕೆಮ್ಮಿದ್ದು?"

ಹುಡುಗ ಲಂಗ ಬಿಟ್ಟ. ನಿದ್ದೆಯಿಂದ ಎದ್ದವನಂತೆ ನೀರನ್ನು ನೋಡಿ ಹೆದರಿ ದೋಣಿಯೊಳಗೆ ಕುಸಿದ. ತಾಯಿಯ ಮಡಿಲಿಗೆ ತೆವಳಿ, ಪಿಸಿನ್ನಿನಲ್ಲಿ ದೊಡ್ಡದಾಗಿ ಅತ್ತ: "ಅಮ್ಮಾ, ಮನೆಗೆ ಹೋಗೋಣ! ಹಸಿವು!"

ಸಬೀನಾ ಬೆಟ್ಟಕ್ಕೆ ಹೋಗಲಿಲ್ಲ. ಕಟ್ಟಿದ ಚೀಲವನ್ನು ಅದೇ ಸಂಜೆ ಬಿಚ್ಚಿದಳು. ಕೆರೆಂಗಾ ಈಗ ಶಾಲೆಗೆ ಹೋಗುತ್ತಾನೆ, ವಿಪರೀತ ಮಾತಾಡುತ್ತಾನೆ, ಸಕಾರಿಯಾನಿಗೇ ತಿರುಗಿ ಹೇಳುತ್ತಾನೆ. ತಾಯಿಯ ಬೆಟ್ಟದ ಹಾಡುಗಳೂ ಅವನಿಗೆ ಬರುತ್ತವೆ. ಗೆಯಾಮಾಳನ್ನು ಅಜ್ಜಿ ಎಂದು ಕರೆಯುತ್ತಾನೆ. ಒಮ್ಮೆ ಅವಳು, ತಡೆಯಲಾರದೆ ಇರಬೇಕು, ಗಾಳಿಯ ಆ ಹೆಸರನ್ನು ಅವನ ಮುಂದೆ ಹೇಳಿದಳಂತೆ. ಅವನು ಬಿದ್ದು ಬಿದ್ದು ನಕ್ಕ. "ಅಜ್ಜಿ ಕೋಳಿ ಮಾತಾಡ್ತಾಳೆ!" ಎಂದು ಊರೆಲ್ಲ ಹೇಳಿಕೊಂಡು ಬಂದ. ಅವಳೂ ನಕ್ಕಳು ಎನ್ನುತ್ತಾರೆ.

ನನಗೆ ತಿಳಿದದ್ದು ಇಷ್ಟು. ಹುಡುಗನಿಗೆ ಆ ಮಾತು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಅಂಗಳದಲ್ಲಿ ಬಿದ್ದ ಮಾತನ್ನು ಮಕ್ಕಳು ಹೆಕ್ಕಿಕೊಳ್ಳುವುದುಂಟು. ಆದರೆ ಒಡೆದ ಹುಟ್ಟಿನ ಸುದ್ದಿಯನ್ನು ಯಾವ ಕೋಳಿಗೂ ಹೇಳಿಲ್ಲವೆಂದು ಗೆಯಾಮಾ ಆಣೆ ಮಾಡುತ್ತಾಳೆ. ಕೆಮ್ಮಿದ್ದು ಯಾರೆಂದೂ ಗೊತ್ತಿಲ್ಲ. ಸಬೀನಾಳೂ ಕೇಳಿದ್ದರಿಂದ ಕೇಳಿದ್ದಂತೂ ನಿಜ.

ಈಗೀಗ ಗೆಯಾಮಾ ಸುಟ್ಟ ಮೀನಿನ ಬಾಲವನ್ನು ಎಲೆಯಲ್ಲಿ ಸುತ್ತಿಕೊಂಡು, ನೀರು ಇಳಿದ ಹೊತ್ತಿನಲ್ಲಿ ಒಬ್ಬಳೇ ಬಾಗಿಲ ಅಂಚಿಗೆ ಹೋಗಿ ಕೂರುತ್ತಾಳೆ. ಮಾತಾಡುವುದು ದಡಕ್ಕೆ ಕೇಳಿಸುತ್ತದೆ. ಒಂದು ಮಾತು ಹೇಳಿ ನಿಲ್ಲಿಸುತ್ತಾಳೆ. ಎದುರಿನವರು ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ ನಗುತ್ತಾಳೆ. ನಡುವಿನ ಆ ಹೊತ್ತಿನಲ್ಲಿ ಅವಳಿಗೆ ಏನು ಕೇಳಿಸುತ್ತದೋ, ಏನಾದರೂ ಕೇಳಿಸುತ್ತದೆಯೋ, ನನಗೆ ಗೊತ್ತಿಲ್ಲ. ಕೇಳಿದರೆ ಹೇಳುತ್ತಾಳೇನೋ. ಕೇಳಲು ನನಗೆ ಧೈರ್ಯ ಬಂದಿಲ್ಲ.